ಕೂಸಿಂಗೆ ಬೈಕು, ಅಮ್ಮನ ಕೈಲಿ ಅಳತೆ ಟೇಪು

ಮೊನ್ನೆ ನೆರೆಕರೆಯ ಒಂದು ತ್ರಿಕಾಲಪೂಜೆಗೆ ಹೋಗಿಪ್ಪಗ, ಕೈ ತೊಳವಲ್ಲಿ ಚಿಕ್ಕಮ್ಮ ಹಿಡುದು ನಿಲ್ಸಿತ್ತು.

"ಅಲ್ಲ ಕೂಸೇ, ಮಗಳಿಂಗೆ ಬೈಕು ತೆಗದು ಕೊಟ್ಟದಡ, ಅಪ್ಪೋ? ಸ್ಕೂಟಿ ಅಲ್ಲಡ, ಗೆಂಡುಮಕ್ಕೊ ಬಿಡ್ತ ನಮುನೆದಡ?"

"ಅಪ್ಪು ಚಿಕ್ಕಮ್ಮ. ಕೊಟ್ಟದು ಮಾಂತ್ರ ಅಲ್ಲ, ಹುಡ್ಕಿದ್ದೂ ಆನೇ" ಹೇಳಿದೆ.

ಚಿಕ್ಕಮ್ಮನ ಕೈಲಿಪ್ಪ ಚೆಂಬು ಅಲ್ಲಿಗೇ ನಿಂದತ್ತು. ಹಿಂದೆ ಎರಡು ಜೆನ ಕೆಮಿ ಕೊಟ್ಟದೂ ಗೊಂತಾತು. ಹಂತಿಲಿ ಕೂದೊಂಡು ಪೂರ ಹೇಳುವೊ° ಹೇಳಿ ಸುರು ಮಾಡಿದೆ, ಅಷ್ಟಪ್ಪಗ ಪಾಯಸ ಬಂತು, ಮಾತು ಅಲ್ಲಿಗೇ ನಿಂದತ್ತು. ಹಾಂಗಾಗಿ ಇಲ್ಲಿ ಬರೆತ್ತಾ ಇದ್ದೆ. ನಾಳಂಗೆ ನಿಂಗಳ ಮನೆಲಿಯೂ ಮಗಳೋ, ಸೊಸೆಯೋ, ಪುಳ್ಳಿಯೋ "ಒಂದು ಸಣ್ಣ ಬೈಕು ಬೇಕು, ಒಳದಾರಿಲಿ ತಿರುಗೆಕ್ಕು" ಹೇಳಿ ಕೇಳುಗು. ಆನು ಪಿಯುಸಿ ವರೆಗೆ ಕಲ್ತದು, ಇಂಜಿನು ಹೇಳಿರೆ ತೋಟದ ಪಂಪಿಂದು ಮಾಂತ್ರ ಗೊಂತಿತ್ತು. ಆದರೂ ನಾಲ್ಕು ತಿಂಗಳು ತಲೆ ಹಾಕಿ ಕಲ್ತದರ ಬರೆತ್ತೆ.

ಸುರುವಿಂಗೆ, ಇದು ಎಂತಕೆ ಬೇಕಾತು ಹೇಳಿ ಹೇಳೆಕ್ಕು. ಎಂಗಳ ಮನೆ ಸುಳ್ಯಂದ ಒಳ, ಮಂಡೆಕೋಲಿನ ಹೊಡೆಲಿ. ಎನ್ನ ಅಪ್ಪನ ಮನೆ ಗಡಿ ದಾಂಟಿ ಕೇರಳಲ್ಲಿ, ಅಡೂರಿನ ಆಚಿಕೆ. ಆನು 1989 ರಲ್ಲಿ ಮದುವೆ ಆಗಿ ಬಂದ ಸುರುವಿಂಗೆ ಅಪ್ಪನ ಮನೆಗೆ ಹೋಪದು ಹೇಳಿರೆ ಡಾಮರು ದಾರಿಲಿ ಅಲ್ಲ. ಮನೆಯ ಹಿಂದಾಣ ಗುಡ್ಡೆ ಹತ್ತಿ, ಎರಡು ತೋಡು ದಾಂಟಿ, ಗೇರು ಮರಂಗಳ ಎಡೆಲಿ ಇಳುದರೆ ಎರಡೂವರೆ ಗಂಟೆಲಿ ಅಪ್ಪನ ಮನೆ ಹಟ್ಟಿಯ ಹಿಂದೆ ಎತ್ತುಗು. ಸೊಂಟಲ್ಲಿ ಮಗ°, ಕೈಲಿ ಚೀಲ, ತಲೆಲಿ ಒಂದು ಬಾಳೆಗೊನೆ. ಬಸ್ಸು ಬಂದ ಮತ್ತೆ ಆ ದಾರಿಯ ಎಲ್ಲೋರೂ ಮರದೆಯೊ°. ನಿಂಗಳಲ್ಲಿ ಹೆಚ್ಚಿನವಕ್ಕೂ ಹಾಂಗಿಪ್ಪ ಒಂದು ದಾರಿ ಇತ್ತಿದ್ದಿಕ್ಕು, ಅಲ್ಲದಾ?

2020 ರ ಮಾರ್ಚಿಲಿ ಕೊರೊನ ಬಂದಪ್ಪಗ ಕರ್ನಾಟಕ-ಕೇರಳದ ಗಡಿ ದಾರಿಗಳಲ್ಲಿ ಮಣ್ಣು ತಂದು ರಾಶಿ ಹಾಕಿದ್ದು ನಿಂಗೊಗೆ ನೆಂಪಿಕ್ಕು. ಅದೇ ಸಮಯಲ್ಲಿ ಎನ್ನ ಅಬ್ಬೆ ಜಾರಿ ಬಿದ್ದು ಸೊಂಟ ಮುರುಕ್ಕೊಂಡತ್ತು. ಎಂಬತ್ತನಾಲ್ಕು ವರ್ಷ. ದಿನಾ ಹೊತ್ತೋಪಗ ಫೋನು ಮಾಡಿರೆ ಅಬ್ಬೆದು ಒಂದೇ ಪ್ರಶ್ನೆ: "ಗುಡ್ಡೆದಾರಿ ಇದ್ದನ್ನೆ ಮಗಳೇ, ಅದರ್ಲಿ ಬಪ್ಪಲಾಗದಾ?" ಅಬ್ಬೆಯ ಲೆಕ್ಕಲ್ಲಿ ಆ ದಾರಿ ಇನ್ನುದೇ ಹಾಂಗೇ ಇದ್ದು. ಕಾನೂನಿನ ಮಾತು ಅತ್ಲಾಗಿರಳಿ, ದಾರಿ ಒಳುದ್ದೋ ಇಲ್ಲೆಯೋ ಹೇಳಿಯೇ ಆರಿಂಗೂ ಗೊಂತಿತ್ತಿಲ್ಲೆ. ಎರಡು ತಿಂಗಳು ಕಳುದ ಮತ್ತೆ ಪಾಸು ಮಾಡ್ಸಿ, ಡಾಮರು ದಾರಿಲಿ ಹೋಗಿ ನೋಡಿಕ್ಕಿ ಬಂದೆ. ಮರುವರ್ಷ ಅಬ್ಬೆ ತೀರಿ ಹೋತು.

ಮಗಳು ಆ ಸಮಯಲ್ಲಿ ಬೆಂಗ್ಳೂರಿಂದ ಬಂದು ಮನೆಲಿಯೇ ಕೂದು ಕಂಪ್ಯೂಟರಿಲಿ ಆಫೀಸಿನ ಕೆಲಸ ಮಾಡಿಗೊಂಡಿತ್ತು. ಅಜ್ಜಿಯ ಪ್ರಶ್ನೆಯ ಅದುದೇ ದಿನಾ ಕೇಳಿದ್ದು. ಆನು ಕೂಗಿ ಸುಮ್ಮನೆ ಆದೆ, ಅದರ ತಲೆಲಿ ಆ ದಾರಿ ಗಟ್ಟಿ ಕೂದತ್ತು. ಸರ್ವೆ ಆಫ್ ಇಂಡಿಯಾದ ಹಳೆ ನಕ್ಷೆಲಿ ಕಾಲುದಾರಿಗಳ ತುಂಡು ತುಂಡು ಗೆರೆಲಿ ತೋರ್ಸಿರ್ತವು. ಅದರ ಹುಡ್ಕಿ ತಂದು, ಎನ್ನ ಹತ್ರೆ ಕೂದು, "ಇಲ್ಲಿ ತೋಡಾ? ಇಲ್ಲಿ ಏರಾ?" ಹೇಳಿ ಕೇಳಿ ಕೇಳಿ ಪೆನ್ಸಿಲಿಲಿ ಗುರ್ತ ಹಾಕಿತ್ತು. ಶೆನಿವಾರ, ಆದಿತ್ಯವಾರ ಅದರ ತಿರುಗಾಟ ಸುರುವಾತು. ಈ ದಾರಿ ಒಂದೇ ಅಲ್ಲ, ತೊಡಿಕಾನದ ಹೊಡೆ, ಪಾಣತ್ತೂರಿಂದ ಕರಿಕೆ ಆಗಿ ಭಾಗಮಂಡಲಕ್ಕೆ ಹೋಪ ದಾರಿ, ಎಲ್ಲಿ ಒಳದಾರಿ ಇದ್ದೋ ಅಲ್ಲಿಗೆ.

ಸುರುವಿಂಗೆ ಹೋದ್ದು ಸ್ಕೂಟಿಲಿಯೇ. ನಿಂಗಳಲ್ಲಿ ಸುಮಾರು ಜೆನ ಸ್ಕೂಟಿ ಬಿಡುವವು ಇದ್ದಿ. ಪೇಟೆಗೆ ಹೋಪಲೆ, ಹಾಲಿನ ಸೊಸೈಟಿಗೆ ಹೋಪಲೆ ಅದರಷ್ಟು ಸುಖ ಬೇರೆ ಇಲ್ಲೆ. ಆದರೆ ಗುಡ್ಡೆದಾರಿಲಿ ಅದರ ಚಕ್ರವೇ ಅದಕ್ಕೆ ವೈರಿ. ಹತ್ತೋ ಹನ್ನೆರಡೋ ಇಂಚಿನ ಚಕ್ರ, ಮಳೆನೀರು ಕೊರದ ಗುಂಡಿಗೆ ಬಿದ್ದರೆ ಅಲ್ಲಿಯೇ ಕೂರುಗು. ದೊಡ್ಡ ಚಕ್ರ ಆದರೆ ಅದೇ ಗುಂಡಿಯ ಮೇಗಂದ ಉರುಳಿ ಹೋಕು. ಇನ್ನೊಂದು, ಇಳಿವಗ. ಗೇರು ಇಪ್ಪ ಗಾಡಿಯ ಒಂದನೇ ಗೇರಿಲಿ ಹಾಕಿರೆ ಇಂಜಿನೇ ಹಿಡುದು ನಿಲ್ಸಿಗೊಂಡು ಮೆಲ್ಲಂಗೆ ಇಳಿಶುತ್ತು. ಸ್ಕೂಟಿಲಿ ಹೆಚ್ಚಿನ ಭಾರ ಎಲ್ಲ ಬ್ರೇಕಿನ ಮೇಗೆ. ಜಾರುಮಣ್ಣಿಲಿ ಬ್ರೇಕು ಒತ್ತಿರೆ ಎಂತ ಅಕ್ಕು ಹೇಳಿ ಬಚ್ಚಲು ತಿಕ್ಕುವ ನವಗೆ ಬೇರೆ ಹೇಳೆಡ.

ಇನ್ನು ಹೇಳ್ತದರ ಬರೆಯೆಕ್ಕೋ ಬೇಡದೋ ಹೇಳಿ ಎರಡು ದಿನ ಗ್ರೇಶಿದೆ. ಬರೆತ್ತೆ.

2021 ರ ದಶಂಬರಲ್ಲಿ ಅಕ್ಕನ ಮಗ° ಅವನ ದೊಡ್ಡ ಬೈಕಿಲಿ ಬೆಂಗ್ಳೂರಿಂದ ಬಂದಿತ್ತಿದ್ದ°. ಇನ್ನೂರು ಕಿಲೊ ಹತ್ರೆ ತೂಗುವ ಬೈಕು. ಅದರ ಹೆಸರು ಬೇಡ, ಬೈಕಿಂದು ತಪ್ಪೇನೂ ಇಲ್ಲೆ. ಅವಂಗೆ ಅದು ಸರಿಯಾದ್ದೇ, ಆರಡಿ ಉದ್ದದ ಮಾಣಿ. ಮಗಳು "ಅಣ್ಣ, ಒಂದರಿ ತೋಟದ ಕೆಳ ವರೆಗೆ" ಹೇಳಿ ತೆಕ್ಕೊಂಡು ಹೋತು. ಗೇರಿನ ಗಾಡಿ ಬಿಡ್ಲೆ ಅಪ್ಪನ ಹಳೆ ಬೈಕಿಲಿ ಜಾಲಿಲಿಯೇ ಕಲ್ತಿತ್ತು, ಲೈಸೆನ್ಸು ಇತ್ತಿಲ್ಲೆ. ಅದು ತಪ್ಪೇ, ಮುಚ್ಚಿ ಮಡುಗುತ್ತಿಲ್ಲೆ. ಕೆಳಾಣ ತೋಡಿಲಿ ಮೊಣಕಾಲಿನಷ್ಟು ನೀರು. ನಡೂಕೆ ಎತ್ತಿಪ್ಪಗ ಎದುರಾಣ ಚಕ್ರ ಹಾವಸೆ ಹಿಡುದ ಕಲ್ಲಿಂಗೆ ಜಾರಿತ್ತು. ಕಾಲು ಕೊಟ್ಟು ನಿಲ್ಸುವೊ° ಹೇಳಿರೆ ಆ ಹೊಡೆಲಿ ಗುಂಡಿ, ಕಾಲು ನೆಲಕ್ಕೆ ಎತ್ತಿದ್ದಿಲ್ಲೆ. ಬೈಕು ಅದರ ಕಾಲಿನ ಮೇಗೆಯೇ ಬಿದ್ದತ್ತು.

ಆನು ಹಟ್ಟಿಲಿ ಇತ್ತಿದ್ದೆ. ಇಂಜಿನಿನ ಶಬ್ದ ಒಂದರಿಯೇ ನಿಂದದು ಕೇಳಿತ್ತು. ಮತ್ತೆ ಎಂತ ಶಬ್ದವೂ ಇಲ್ಲೆ. ಓಡಿ ಹೋಗಿ ನೋಡಿರೆ ಕೂಸು ನೀರಿಲಿ ಮಲಗಿದ್ದು, ಮೋರೆ ಮಾಂತ್ರ ಮೇಗೆ, ಕೈ ಎರಡೂ ಊರಿಗೊಂಡಿದ್ದು. "ಅಮ್ಮ, ಎನಗೆ ಎಂತ ಆಯಿದಿಲ್ಲೆ, ಕಾಲು ಬತ್ತಿಲ್ಲೆ" ಹೇಳಿತ್ತು. ಆನು ಬೈಕಿನ ಹಿಡುದು ನೆಗ್ಗುಲೆ ನೋಡಿದೆ. ಹಂದಿದ್ದಿಲ್ಲೆ. ಇನ್ನೊಂದರಿ ನೋಡಿದೆ. ಹಿಂಡಿಯ ಗೋಣಿ ಎಳದ ಕೈ, ಹೊರೆ ಹೊತ್ತ ಬೆನ್ನು ಎಲ್ಲ ಸುಳ್ಳಾತು. ಮತ್ತೆ ಅದರ ತಲೆಯ ಎನ್ನ ತೊಡೆಲಿ ಮಡಿಕ್ಕೊಂಡು ನೀರಿಲಿಯೇ ಕೂದು ಬೊಬ್ಬೆ ಹೊಡದೆ. ಅಡಕ್ಕೆ ತೆಗವಲೆ ಬಂದವ° ಮೇಗಾಣ ತೋಟಂದ ಬಪ್ಪಲೆ ಇಪ್ಪತ್ತು ನಿಮಿಷ ಆತು ಹೇಳಿ ಮತ್ತೆ ಎಲ್ಲೋರೂ ಹೇಳಿದವು. ಎನಗೆ ಆ ಲೆಕ್ಕ ಗೊಂತಿಲ್ಲೆ.

ಪಾದದ ಗಂಟಿಲಿ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರು.

ಇವು "ಇನ್ನು ಈ ಮನೆಲಿ ಬೈಕಿನ ಹೆಸರು ತೆಗವಲಾಗ" ಹೇಳಿ ಒಂದೇ ಮಾತು ಹೇಳಿದವು. ಕೂಸು ಎದುರು ಮಾತಾಡಿದ್ದಿಲ್ಲೆ. ಆದರೆ ಆ ನಕ್ಷೆ ಅದರ ತಲೆಕೊಂಬಿನ ಅಡಿಲಿಯೇ ಇತ್ತು, ಹಾಸಿಗೆ ಕುಡುಗುವಗ ಎನಗೆ ಸಿಕ್ಕಿತ್ತು. ಆ ಇರುಳು ಆನು ಗ್ರೇಶಿದ್ದು ಹೀಂಗೆ: ಬೇಡ ಹೇಳಿರೆ ಇದು ಪ್ಲಾಸ್ಟರು ತೆಗದ ಮತ್ತೆ ಇನ್ನಾರದ್ದೋ ಬೈಕು ಎರವಲು ತೆಕ್ಕೊಂಗು. ಎರವಲಿನ ಬೈಕು ಅದರ ಕಾಲಿಂಗೆ ಅಳದು ಮಾಡಿದ್ದು ಅಲ್ಲ. ಆನು ನೆಗ್ಗುಲೆ ಎಡಿಯದ್ದ ಗಾಡಿ ಇನ್ನು ಈ ಜಾಲಿಂಗೆ ಬಪ್ಪಲಾಗ, ಅಷ್ಟೇ. ನೆಗ್ಗುಲೆ ಎಡಿವದು ಏವದಿದ್ದು ಹೇಳಿ ನೋಡುವೊ°.

ಮರದಿನ ಉದಿಯಪ್ಪಗ ತೆಳ್ಳವು ತಿಂದಿಕ್ಕಿ, ಕೂಸಿನ ಹತ್ರೆ ಕೂದು, "ತೂಕದ ಲೆಕ್ಕ ಹೇಳು" ಹೇಳಿದೆ. ಅದಕ್ಕೆ ಸುರುವಿಂಗೆ ನಂಬಿಕೆಯೇ ಬಯಿಂದಿಲ್ಲೆ.

ಕಿಲೊ ಹೇಳಿರೆ ಎನಗೆ ಅಂದಾಜು ಆವುತ್ತಿಲ್ಲೆ. ಹಾಂಗಾಗಿ ಗ್ಯಾಸಿನ ಅಂಡೆಯ ಲೆಕ್ಕ ಮಾಡಿದೆ. ತುಂಬಿದ ಒಂದು ಅಂಡೆ ಹತ್ರೆ ಹತ್ರೆ 30 ಕಿಲೊ, ಅದರ್ಲಿ ಗ್ಯಾಸು 14.2 ಕಿಲೊ, ಒಳುದ್ದು ಕಬ್ಬಿಣ. ಲೇಹ್-ಲಡಾಖಿಂಗೆ ಹೋಪ ಮಕ್ಕೊ ತೆಕ್ಕೊಂಬ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿದು, ಪೆಟ್ರೋಲು ಎಲ್ಲ ಸೇರಿ 199 ಕಿಲೊ. ಹೇಳಿರೆ ಆರೂವರೆ ಅಂಡೆ. ಉದ್ದದ ದಾರಿಗೆ, ಸಾಮಾನು ಕಟ್ಟಿಗೊಂಡು ಹೋಪಲೆ ಭಾರೀ ಲಾಯ್ಕಡ. ಸೀಟು 800 ಮಿಲಿಮೀಟರು, ಅಷ್ಟೇನೂ ಎತ್ತರ ಇಲ್ಲೆ. ಆದರೆ ನಮ್ಮ ತೋಡಿಲಿ ಬಿದ್ದರೆ ಆರೂವರೆ ಅಂಡೆಯ ಒಂದೇ ಸರ್ತಿ ನೆಗ್ಗೆಕ್ಕು. ಗೀಟು ಹಾಕಿದೆ.

ಎನ್ನ ಓಟು ಟಿವಿಎಸ್ ಎಕ್ಸ್‌ಎಲ್ 100 ಕ್ಕೆ ಇತ್ತು. ನೆಗೆ ಮಾಡೆಡಿ. ಮೂರು ಅಂಡೆಯ ತೂಕ, 90 ಕಿಲೊದ ಒಳ. ಕ್ಲಚ್ಚಿಲ್ಲೆ, ಗೇರಿಲ್ಲೆ. ಎಂಗಳಲ್ಲಿಗೆ ಅಡಕ್ಕೆ ತೆಗವಲೆ ಬಪ್ಪವ° ಅದರ್ಲಿಯೇ ಬಪ್ಪದು, ಎದುರು ಮದ್ದು ಬಿಡುವ ಕ್ಯಾನು, ಹೊಡೆಲಿ ಉದ್ದಕೆ ಕಟ್ಟಿದ ದೋಟಿ. ಅವ° ಹೋಗದ್ದ ಜಾಗೆ ಈ ಊರಿಲಿ ಇಲ್ಲೆ. ಮಗಳೂ ಒಪ್ಪಿಗೊಂಡತ್ತು. ಆಸ್ಟ್ರೇಲಿಯಲ್ಲಿ ಪೋಸ್ಟು ಹಂಚುವವು ಎಷ್ಟೋ ವರ್ಷ ಹೋಂಡಾದ ಸಿಟಿ 110 ಹೇಳ್ತ ಸಣ್ಣ ಬೈಕಿಲಿಯೇ ತಿರುಗಿದ್ದಡ, ಮತ್ತೆ ಅದರ ಹಳೆದಕ್ಕೆ ತೆಕ್ಕೊಂಡು ಜೆನ ದೇಶ ಸುತ್ತಿದ್ದವಡ. ಸಣ್ಣ ಇಂಜಿನು ಹೇಳಿ ಕೀಳು ಮಾಡ್ಲಾಗ ಹೇಳಿತ್ತು. ಆದರೆ ಎಕ್ಸ್‌ಎಲ್‌ಗೆ ಏರಿಂಗೆ ಬೇಕಾದ ತಗ್ಗಿನ ಗೇರು ಇಲ್ಲೆ. "ಒಬ್ಬನೇ ಆದರೆ ಅಕ್ಕು ಅಮ್ಮ. ಹಿಂದೆ ನೀನು ಕೂದರೆ ಗುಡ್ಡೆಗೆ ಎಂಗೊ ಇಬ್ರೂ ಅದರ ನೂಕಿಗೊಂಡು ಹೋಯೆಕ್ಕಕ್ಕು." ಎನ್ನ ತೂಕದ ಮಾತು ಅಲ್ಲಿ ಬೇಕಾಗಿತ್ತಿಲ್ಲೆ. ಆದರೂ, ಆನುದೇ ಬಪ್ಪದು ಹೇಳಿ ಅದು ತೀರ್ಮಾನ ಮಾಡಿ ಆಯಿದು ಹೇಳ್ತದು ಎನಗೆ ಗೊಂತಾದ್ದು ಆಗಳೇ.

ಸ್ಪ್ಲೆಂಡರು ನಿಂಗೊಗೆಲ್ಲ ಗೊಂತಿಪ್ಪದೇ. 112 ಕಿಲೊ, ನಾಲ್ಕು ಅಂಡೆ ಆವುತ್ತಿಲ್ಲೆ. ಸೀಟು 785 ಮಿಲಿಮೀಟರು. ಏವ ಊರಿಲಿ ಹಾಳಾದರೂ ಸರಿ ಮಾಡುವವ° ಸಿಕ್ಕುಗು, ಸಾಮಾನು ಸಿಕ್ಕುಗು. ಬರೇ ಮಣ್ಣುದಾರಿ ಆದರೆ ಅದುವೇ ಸಾಕು, ಆನು ಈಗಳೂ ಹೇಳುವೆ. ಆದರೆ ಅದರ ಹೊಟ್ಟೆ ನೆಲಂದ 165 ಮಿಲಿಮೀಟರು ಮಾಂತ್ರ ಮೇಗೆ, ಆರೂವರೆ ಇಂಚು. ಎಂಗಳ ಗುಡ್ಡೆಯ ಕಲ್ಲುಗೊ ಆರೂವರೆ ಇಂಚು ಹೇಳಿ ಅಳತೆ ನೋಡಿ ಹುಟ್ಟಿದ್ದವಿಲ್ಲೆ. ಇವರ ಹಳೆ ಬೈಕಿನ ಇಂಜಿನಿನ ಅಡಿ ಕಲ್ಲಿಂಗೆ ಬಡುದು ಒಡದು, ಎಣ್ಣೆ ಪೂರ ದಾರಿಲಿ ಚೆಲ್ಲಿ, ಎಂಗೊ ಒಂದು ಮದುವೆಗೆ ಮೂರ್ತ ಕಳುದ ಮತ್ತೆ ಎತ್ತಿದ್ದು ಎನಗೆ ಮರದ್ದಿಲ್ಲೆ. ಊಟಕ್ಕೆ ಸಿಕ್ಕಿದೆಯೊ° ಹೇಳುವೊ°.

ಈ ನಮುನೆ ದಾರಿಗೆ ಹೇಳಿಯೇ ಮಾಡಿದ್ದು ಹೀರೋ ಕಂಪೆನಿದು ಎರಡು. 2011 ರಲ್ಲಿ ಇಂಪಲ್ಸ್ ಹೇಳಿ ಒಂದು ಬಂದಿತ್ತು, 150 ಸಿಸಿ, 134 ಕಿಲೊ. ತೂಕ ನೋಡಿ ಎನಗೆ ಅದೇ ಅಕ್ಕು ಹೇಳಿ ಕಂಡತ್ತು. ಆದರೆ ಅದರ ಮಾಡುದು ನಿಲ್ಸಿ ವರ್ಷಂಗಳೇ ಆತು. ಮಾಡುದು ನಿಂದ ಗಾಡಿ ಹೇಳಿರೆ ಕಂಪೆನಿ ಮುಚ್ಚಿದ ಮಿಕ್ಸಿಯ ಹಾಂಗೆ, ಒಂದು ವಾಷರಿಂಗೆ ಊರಿಡೀ ತಿರುಗೆಕ್ಕು. 2019 ರ ಮೇಲಿ ಬಂದದು ಎಕ್ಸ್‌ಪಲ್ಸ್ 200. ಸುರುವಾಣದ್ದು 154 ಕಿಲೊ, ಐದು ಅಂಡೆಂದ ರಜಾ ಹೆಚ್ಚು. ಹೊಟ್ಟೆ ನೆಲಂದ 220 ಮಿಲಿಮೀಟರು ಮೇಗೆ. ಎದುರಾಣ ಚಕ್ರ 21 ಇಂಚು, ಹಿಂದಾಣದ್ದು 18, ಎರಡೂ ಕಡ್ಡಿಚಕ್ರ. ಅಲಾಯಿ ಚಕ್ರ ನೋಡ್ಲೆ ಚೆಂದ, ಕಲ್ಲಿಂಗೆ ಜೋರು ಬಡುದರೆ ಒಡವಲೂ ಸಾಕು. ಕಡ್ಡಿಚಕ್ರ ಆದರೆ ರಜ ಬಗ್ಗಿ ತಡಕ್ಕೊಂಗು, ಮತ್ತೆ ಕಡ್ಡಿ ಎಳದು ಸರಿ ಮಾಡ್ಲಕ್ಕು. ಹೊಗೆ ಹೋಪ ಕೊಳವೆ ಮೇಗೆ ಇದ್ದು, ತೋಡು ದಾಂಟುವಗ ನೀರಿಂಗೆ ಮುಳುಗುತ್ತಿಲ್ಲೆ.

ಇಷ್ಟೆಲ್ಲ ಸರಿ, ಸೀಟಿನ ಎತ್ತರ 823 ಮಿಲಿಮೀಟರು. ಮಿಲಿಮೀಟರು ಆರಿಂಗೆ ಬೇಕು? ರವಕೆ ಹೊಲಿವ ಟೇಪು ತಂದು ನೋಡಿದೆ, 32 ಇಂಚಿಂದ ರಜಾ ಹೆಚ್ಚು. ಎಂಗಳ ಅಡಿಗೆಮನೆ ಕಟ್ಟೆ ಸಮಾ 32. ಕೂಸಿನ ಕಾಲು, ಒಳಾಣ ಅಳತೆ, 29 ಇಂಚು. ಕಟ್ಟೆಯ ಹತ್ರೆ ನಿಲ್ಸಿ ನೋಡಿರೆ ಎನ್ನ ಹೊಟ್ಟೆ ಒಳ ತಣ್ಣಂಗಾತು. ತೋಡಿಲಿ ಆದ್ದೂ ಇದುವೇ ಅಲ್ಲದಾ, ಕಾಲು ನೆಲಕ್ಕೆ ಎತ್ತದ್ದು?

ಆದರೆ ಕಟ್ಟೆಗೂ ಸೀಟಿಂಗೂ ವೆತ್ಯಾಸ ಇದ್ದು ಹೇಳಿ ಕೂದು ನೋಡಿದ ಮತ್ತೆಯೇ ಗೊಂತಾದ್ದು. ಇಂತಾ ಬೈಕಿನ ಸ್ಪ್ರಿಂಗು ಉದ್ದ, ಕೂದಪ್ಪಗ ಒಂದಿಂಚೋ ಹೆಚ್ಚೋ ತಗ್ಗುತ್ತು. ಸೀಟು ಎದುರಂಗೆ ಸಪೂರ ಇದ್ದರೆ ಕಾಲು ಅಗಲ ಮಾಡೆಕ್ಕಾವುತ್ತಿಲ್ಲೆ, ಹಾಂಗಾಗಿ ಕೆಳ ಎತ್ತುತ್ತು. ಸ್ಪ್ರಿಂಗಿನ ಲಿಂಕು ಬದಲುಸಿ ಗಾಡಿಯನ್ನೇ ತಗ್ಗುಸುಲೆ ಆವುತ್ತು, ಆದರೆ ಅಂಬಗ ಹೊಟ್ಟೆಯೂ ತಗ್ಗುತ್ತು, ದುಡ್ಡು ಕೊಟ್ಟು ತೆಗದ ಎತ್ತರವ ದುಡ್ಡು ಕೊಟ್ಟೇ ಕಳದ ಹಾಂಗೆ. ಎಂಗೊ ಮಾಡಿದ್ದು ಬೇರೆ. ಸೀಟು ಹೊಲಿವವನ ಹತ್ರೆ ಕೊಟ್ಟು ಒಳಾಣ ಸ್ಪಂಜಿನ ಒಂದಿಂಚು ಕಡುಶಿದೆಯೊ°. ಈಗ ಎರಡು ಕಾಲಿನ ಬೆರಳುಗಳ ಬುಡ ನೆಲಕ್ಕೆ ಎತ್ತುತ್ತು, ರಜ ಜಾರಿ ಕೂದರೆ ಒಂದು ಪಾದ ಪೂರ ಊರುತ್ತು. ಉದ್ದದ ದಾರಿ ಹೋದರೆ ಕುಂಡೆ ಬೇನೆ ಅಪ್ಪದು ಅಪ್ಪು. ಅದರ ತಡಕ್ಕೊಂಬಲಕ್ಕು.

ಹೊಸತ್ತು ಬೇಡ ಹೇಳಿ ಆನೇ ಹೇಳಿದ್ದು. ಬೀಳ್ಲೆ ಇಪ್ಪ ಗಾಡಿ ಅದು. ಹೊಸತ್ತರ ಬೀಳ್ಸಿರೆ ಮನಸ್ಸೂ ಬೀಳುಗು. ಪುತ್ತೂರಿಲಿ 2019 ರ ಒಂದು ಇದ್ದು ಹೇಳಿ ಗೊಂತಾಗಿ, ಪ್ಲಾಸ್ಟರು ತೆಗದು ಕೂಸು ಸರಿ ನೆಡವಲೆ ಸುರು ಮಾಡಿದ ಮತ್ತೆ, ಎಂಗೊ ಮೂರು ಜೆನವೂ ಹೋದೆಯೊ°. ಇವು ಮಾತಾಡದ್ದೆ ಬಂದವು. ಬಂದವನ್ನೆ, ಅದುವೇ ದೊಡ್ಡದು.

ಗಾಡಿಯ ನೋಡುದು ಹೇಂಗೆ ಹೇಳಿ ಊರಿನ ಮೆಕ್ಯಾನಿಕ್ಕಿನ ಹತ್ರೆ ಮದಲೇ ಕೇಳಿ, ಹಾಲಿನ ಲೆಕ್ಕದ ಪುಸ್ತಕಲ್ಲಿ ಬರಕ್ಕೊಂಡಿತ್ತಿದ್ದೆ. ಎದುರಾಣ ಶಾಕಿನ ಕೊಳವೆಲಿ ಎಣ್ಣೆ ಒಸರುತ್ತೋ ಹೇಳಿ ಬೆರಳು ಹಾಕಿ ನೋಡೆಕ್ಕು. ಇಂಜಿನಿನ ಅಡಿಲಿಪ್ಪ ತಗಡು ಎಷ್ಟು ಜಜ್ಜಿದ್ದು ಹೇಳಿ ನೋಡಿರೆ ಮದಲಾಣವ° ಎಲ್ಲೆಲ್ಲ ಹೋಯಿದ° ಹೇಳಿ ಗೊಂತಾವುತ್ತು. ಚಕ್ರವ ನೆಗ್ಗಿ ತಿರುಗಿಸಿ, ರಿಮ್ಮು ಓಲಾಡ್ತೋ ನೋಡೆಕ್ಕು. ಮತ್ತೆ ಚಕ್ರದ ಕಡ್ಡಿಗಳ ಒಂದೊಂದರನ್ನೇ ಚಮಚಲ್ಲಿ ತಟ್ಟೆಕ್ಕು. ಬಿಗಿ ಇದ್ದರೆ ಟಿಣ್ ಹೇಳುಗು, ಸಡಿಲ ಆಗಿದ್ದರೆ ಟಪ್ ಹೇಳುಗು. ಇದು ಎನ್ನ ಕೆಲಸ ಆತು. ಹೊಸ ಅಳಗೆಯ ತಟ್ಟಿ ನೋಡಿ ತೆಗದು ಅಭ್ಯಾಸ ಇದ್ದನ್ನೆ. ಗಾಡಿಯ ಯಜಮಾನ ಮಾಣಿ, ಅಡಿಗೆ ಚಮಚ ಹಿಡ್ಕೊಂಡು ಅವನ ಬೈಕಿನ ಅಡಿಲಿ ಕೂದ ಹೆಮ್ಮಕ್ಕಳ ನೋಡಿ ಎಂತ ಗ್ರೇಶಿದನೋ. ಹಿಂದಾಣ ಚಕ್ರಲ್ಲಿ ಮೂರು ಕಡ್ಡಿ ಸಡಿಲ ಇತ್ತು. ಆರ್‌ಸಿ, ಇನ್ಶೂರೆನ್ಸು, ಬೇಂಕಿನ ಸಾಲ ಮುಗುದ್ದಕ್ಕೆ ಕಾಗದ, ಎಲ್ಲ ಇವು ನೋಡಿದವು. 85,000 ಕ್ಕೆ ಆತು.

ದುಡ್ಡು ಕೊಡುವ ಮದಲೇ ಆನು ಇನ್ನೊಂದು ಕೇಳಿದೆ. "ಇದರ ಒಂದರಿ ಇಲ್ಲಿ ಮಲಗುಸುಲಕ್ಕೋ?" ಮಾಣಿ ಬೆಪ್ಪಾದ°. ಮತ್ತೆ ಅವನೇ ಎರಡು ಗೋಣಿ ಹಾಸಿ, ಮೆಲ್ಲಂಗೆ ಹುಲ್ಲಿನ ಮೇಗೆ ಮಲಗಿಸಿದ°.

ನೆಗ್ಗುವದಕ್ಕೂ ಒಂದು ಕ್ರಮ ಇದ್ದು. ಎದುರಂಗೆ ನಿಂದು ಎಳವಲಾಗ, ಸೊಂಟ ಹೋಕು. ಗೇರಿಲಿ ಹಾಕೆಕ್ಕು, ಉರುಳದ್ದ ಹಾಂಗೆ. ಬಲದ ಹೊಡೆಂಗೆ ಬಿದ್ದಿದ್ದರೆ ಸ್ಟೇಂಡಿನ ಮದಲೇ ಬಿಡಿಸಿ ಮಡುಗೆಕ್ಕು, ಇಲ್ಲದ್ರೆ ನೆಗ್ಗಿದ್ದು ಆಚ ಹೊಡೆಂಗೆ ಬೀಳುಗು. ಮತ್ತೆ ಬೈಕಿಂಗೆ ಬೆನ್ನು ಹಾಕಿ ಕುಕ್ಕುರು ಕೂದು, ಒಂದು ಕೈಲಿ ಹೇಂಡಲು, ಇನ್ನೊಂದು ಕೈಲಿ ಹಿಂದಾಣ ಕಬ್ಬಿಣ ಹಿಡುದು, ಕಾಲಿನ ಬಲಲ್ಲಿ ಹಿಂದಂಗೆ ಹೆಜ್ಜೆ ಮಡುಗಿಗೊಂಡು ಏಳೆಕ್ಕು. ಹುಲ್ಲಿನ ಹೊರೆ ತಲೆಗೆ ಏರ್ಸಿಗೊಂಡು ಏಳುವಗ ನಾವು ಮಾಡುದುದೇ ಹೀಂಗೆಯೇ, ಕಾಲಿನ ಬಲ, ಸೊಂಟದ್ದಲ್ಲ. ಕೂಸು ಸುರುವಾಣ ಎರಡು ಸರ್ತಿ ಅರ್ಧಕ್ಕೆ ಬಿಟ್ಟತ್ತು. ಮೂರನೇ ಸರ್ತಿ ನೆಗ್ಗಿತ್ತು. ಮತ್ತೆ ಆನು ಸೀರೆ ಸೆರಗು ಸಿಕ್ಕಿಸಿ ಹೋದೆ. ಒಬ್ಬನೇ ಎಡಿಗಾತಿಲ್ಲೆ. ಆದರೆ ಅರ್ಧ ನೆಗ್ಗಿತ್ತು, ಅಡಿಲಿ ಒಂದು ಕಾಲು ಇದ್ದರೆ ಎಳದು ತೆಗವಲೆ ಎಡಿಗಪ್ಪಷ್ಟು. "ಕೊಡಿ ದುಡ್ಡು" ಹೇಳಿದೆ ಇವರತ್ರೆ.

ಲೈಸೆನ್ಸಿನ ವಿಷಯ ಹಲವು ಜೆನಕ್ಕೆ ಗೊಂತಿಲ್ಲೆ, ಹಾಂಗಾಗಿ ಹೇಳ್ತೆ. ಸ್ಕೂಟಿಗೆ ಹೇಳಿ ಮಾಡ್ಸಿದ, ಗೇರು ಇಲ್ಲದ್ದ ಗಾಡಿಯ ಲೈಸೆನ್ಸಿಲಿ ಗೇರಿನ ಬೈಕು ಬಿಡ್ಲಾಗ. ಅದರ ಬೇರೆ ಸೇರ್ಸೆಕ್ಕು. ಕಲಿವ ಲೈಸೆನ್ಸು ತೆಕ್ಕೊಂಡು 30 ದಿನ ಕಳುದ ಮತ್ತೆಯೇ ಪರೀಕ್ಷೆ. ಎಂಗೊಗೆ ಪುತ್ತೂರಿನ ಆರ್‌ಟಿಒ. ಬೈಕು ಬಂದರೂ ಲೈಸೆನ್ಸು ಕೈಗೆ ಬಪ್ಪನ್ನಾರ ಅದು ಜಾಲು ಬಿಟ್ಟು ಹೆರ ಹೋಯಿದಿಲ್ಲೆ. ಕೀಲಿಕೈ ಎನ್ನ ಮಸಾಲೆ ಕರಡಿಗೆಲಿ ಇತ್ತು.

ಮತ್ತೆ ಕೆಲವು ಕಟ್ಟುಪಾಡು. ಐಎಸ್‌ಐ ಗುರ್ತ ಇಪ್ಪ ಹೆಲ್ಮೆಟ್ಟು, ಪಾದದ ಗಂಟು ಮುಚ್ಚುವ ಗಟ್ಟಿ ಬೂಟು (ತೋಟಕ್ಕೆ ಹಾಕುವ ಗಂಬೂಟು ಆಗ, ಅದರ ಒಳ ನೀರು ತುಂಬುಗು, ಗಂಟಿಂಗೆ ಎಂತ ರಕ್ಷೆಯೂ ಇಲ್ಲೆ). ಒಂದು ಹೆಚ್ಚಿನ ಟ್ಯೂಬು, ಕೈ ಪಂಪು. ರಿಸರ್ವು ಕಾಡಿಂಗೆ ಇಲಾಖೆಯ ಒಪ್ಪಿಗೆ ಇಲ್ಲದ್ದೆ ಹೋಪಲಾಗ, ಆರದ್ದಾರು ಜಾಗೆ ಆದರೆ ಕೇಳಿಕ್ಕಿಯೇ ಹೋಯೆಕ್ಕು. ಎಂಗಳ ಹೊಡೆಲಿ ಆನೆಯೂ ಬತ್ತು, ಹಾಂಗಾಗಿ ನಾಲ್ಕು ಗಂಟೆಗೆ ವಾಪಾಸು. ಗುಡ್ಡೆಲಿ ಫೋನಿಂಗೆ ರೇಂಜು ಇಲ್ಲೆ. ಎಲ್ಲಿಗೆ ಹೋಪದು ಹೇಳಿ ನಕ್ಷೆಲಿ ಬೆರಳು ಮಡುಗಿ ಎನಗೆ ತೋರ್ಸಿಕ್ಕಿ ಹೋಯೆಕ್ಕು. ಇಷ್ಟರ್ಲಿ ಎರಡು ಸರ್ತಿ ತಪ್ಪಿದ್ದು, ಎರಡು ವಾರ ಕೀಲಿಕೈ ಕರಡಿಗೆಗೆ ವಾಪಾಸು ಹೋಯಿದು.

ಬಿದ್ದಿದಿಲ್ಲೆಯೋ ಹೇಳಿ ಕೇಳುವಿ. ಬಿದ್ದಿದು. ಆನು ಲೆಕ್ಕ ಮಡುಗಿದ್ದು ಐದು, ಎನಗೆ ಹೇಳದ್ದದು ಬೇರೆ ಇಕ್ಕು. ಒಂದರಿ ಮೊಣಕೈ ತರುಚಿದ್ದು. ಪ್ರತಿ ಸರ್ತಿಯೂ ಅದುವೇ ನೆಗ್ಗಿಗೊಂಡು ಬೈಂದು.

ಹೋದ ಮಳೆಗಾಲ ಕಳುದು, ಉಂಬುಳು ಎಲ್ಲ ಹೋಗಿ, ದಾರಿ ಒಣಗಿದ ಮತ್ತೆ ಒಂದು ಉದಿಯಪ್ಪಗ ಅದು ಎನ್ನ ಹತ್ರೆ, "ಅಮ್ಮ, ಚೂಡಿದಾರ ಹಾಕು" ಹೇಳಿತ್ತು. ಆನು ಬೈಕಿಲಿ ಕೂದ್ದು ಎಷ್ಟೋ ಇದ್ದು, ಇವರ ಹಿಂದೆ, ಸೀರೆಲಿ, ಒಂದು ಹೊಡೆಂಗೆ ಕಾಲು ಹಾಕಿ. ಎರಡು ಹೊಡೆಂಗೆ ಕಾಲು ಹಾಕಿ ಕೂದ್ದು ಇದೇ ಸುರು. ಹತ್ತುಲೆ ಅಡಿಗೆಮನೆಯ ಮಣೆ ತಂದು ಮಡುಗೆಕ್ಕಾತು. ಇವು ಜಗುಲಿಲಿ ಪೇಪರು ಹಿಡ್ಕೊಂಡು ನೋಡಿಗೊಂಡಿತ್ತಿದ್ದವು, ಪೇಪರು ತಲೆಕೆಳ ಇತ್ತು ಹೇಳಿ ಕೂಸು ಮತ್ತೆ ಹೇಳಿತ್ತು.

ಗುಡ್ಡೆಯ ಮೇಗಂಗೆ ಹೋಪಗ ಒಂದನೇ ಗೇರಿಲಿ ಗಾಡಿ ಗುರುಗುಟ್ಟಿಗೊಂಡು, ಮುದಿ ಎತ್ತಿನ ಹಾಂಗೆ ಹತ್ತಿತ್ತು. ಆನು ಎರಡು ಕೈಲಿಯೂ ಕೂಸಿನ ಸೊಂಟ ಹಿಡ್ಕೊಂಡು ಕಣ್ಣು ಮುಚ್ಚಿದೆ. ತೆಗದಪ್ಪಗ ಸುರುವಾಣ ತೋಡು. ಅಲ್ಲಿ ಎನ್ನ ಇಳಿಶಿ, ಕೋಲಿಲಿ ನೀರಿನ ಆಳ ನೋಡಿ, ಮತ್ತೆ ದಾಂಟಿತ್ತು. ಆನು ಹಿಂದಂದ ನೆಡಕ್ಕೊಂಡು ದಾಂಟಿದೆ. ಅದು ಆಚ ಕರೆಗೆ ಎತ್ತುವನ್ನಾರ ಎನ್ನ ಕಣ್ಣು ಅದರ ಎಡದ ಕಾಲಿನ ಮೇಗೆಯೇ ಇತ್ತು.

ಎರಡನೇ ತೋಡಿಲಿ ಸಂಕ ಇಲ್ಲೆ. ಆಚಿಕೆ ಗೇರು ಮರಂಗೊ ಇಲ್ಲೆ, ಪೂರ ರಬ್ಬರು, ಸುತ್ತ ಬೇಲಿ. ಬೈಕು ಅಲ್ಲಿಗೇ ನಿಂದತ್ತು. ರಬ್ಬರು ತೋಟದವರ ಹತ್ರೆ ಕೂಸು ಮದಲೇ ಕೇಳಿ ಮಡುಗಿತ್ತು, ನೆಡಕ್ಕೊಂಡು ಹೋಪಲಕ್ಕು ಹೇಳಿದ್ದವಡ. ಗಾಡಿಯ ಒಂದು ಮರದ ಅಡಿಲಿ ನಿಲ್ಸಿ ನೆಡದೆಯೊ°. ಎನಗೆ ಒಂದೂ ಗುರ್ತ ಸಿಕ್ಕಿದ್ದಿಲ್ಲೆ. ಎಲ್ಲ ಮರವೂ ಒಂದೇ ನಮುನೆ, ಎಲ್ಲದರ್ಲಿಯೂ ಒಂದೊಂದು ಚಿಪ್ಪು ಕಟ್ಟಿದ್ದು.

ಅರ್ಧ ಗಂಟೆ ನೆಡದ ಮತ್ತೆ ಆ ಕಲ್ಲು ಕಂಡತ್ತು. ಹೊರೆ ಹೊತ್ತವು ಹೊರೆ ಇಳುಶಿ ಬಚ್ಚಲು ಕಳವಲೆ ಎದೆ ಎತ್ತರಲ್ಲಿ ಮಡುಗಿದ ಚಪ್ಪಡಿ ಕಲ್ಲು, ಎರಡು ಕಲ್ಲಿನ ಮೇಗೆ ಅಡ್ಡಕೆ. ರಬ್ಬರಿನವು ಅದರ ತೆಗೆಯದ್ದೆ ಸುತ್ತ ಗೆಡು ನೆಟ್ಟಿದವು. ಆನು ವಾಪಾಸು ಹೋಪಗ ಅಬ್ಬೆ ಅಪ್ಪನ ಮನೆಂದ ಇಲ್ಲಿವರೆಗೆ ಬಕ್ಕು. ಚೀಲವ ಈ ಕಲ್ಲಿಲಿ ಮಡುಗಿ, ಎನ್ನ ತಲೆಕಟ್ಟು ಸರಿ ಮಾಡಿ, "ಹೋಗು, ಹೊತ್ತಾತು" ಹೇಳುಗು. ಇದರ ಕೂಸಿಂಗೆ ಹೇಳಿದೆ. ಅದು ಕಲ್ಲಿನ ಮೇಗಾಣ ಎಲೆ ಎಲ್ಲ ಕೈಲಿ ಒತ್ತರೆ ಮಾಡಿ, ಹೆಲ್ಮೆಟ್ಟಿನ ತೆಗದು ಅದರ ಮೇಗೆ ಮಡುಗಿತ್ತು. ನಕ್ಷೆ ಬಿಡಿಸಿ ಪೆನ್ಸಿಲಿಲಿ ಒಂದು ಗುರ್ತ ಹಾಕಿತ್ತು.

ಅಷ್ಟಪ್ಪಗ ಎನ್ನ ಫೋನು ಟಿಣ್ ಹೇಳಿತ್ತು, ಕೇರಳದ ರೇಂಜು ಸಿಕ್ಕಿತ್ತು. ಅಣ್ಣಂಗೆ ಮಾಡಿದೆ.

"ಎಲ್ಲಿದ್ದೆ?" ಕೇಳಿದ°.

"ಹಟ್ಟಿಯ ಹಿಂದಾಣ ಗೇಟು ತೆಗದು ಮಡುಗು. ಅತ್ತಿಗೆ ಹತ್ರೆ ಎರಡು ಲೋಟೆ ಕಾಪಿಗೆ ಮಡುಗುಲೆ ಹೇಳು" ಹೇಳಿದೆ.